ನಾರ್ಮಲ್ ಅವರ ರಕ್ತ ಮತ್ತು ಅವರ ಎಡ ಮೊಣಕಾಲು

ಮಾರ್ಚ್ ಹದಿನೇಳು, ಮಂಗಳವಾರ. ಬೆಳಿಗ್ಗೆ ಮೋಡ ಕವಿದಿತ್ತು. ಹತ್ತರ ಹೊತ್ತಿಗೆ ಗಾಳಿ ಎದ್ದು ಪ್ರಯೋಗಾಲಯದ ಹಿಂದಿನ ಅಂಗಳದ ಧೂಳನ್ನೆಲ್ಲ ತಂದು ಕಿಟಕಿಗೆ ಬಡಿಯಿತು. ನಾಲ್ಕು ಹನಿ ಬಿದ್ದು ನಿಂತವು. ಸಂಜೆ ಮತ್ತೆ ಬಿಸಿಲು.

ಇಂದು ಸಂಸ್ಥೆಯಲ್ಲಿ ನಡೆದದ್ದರ ಬಗ್ಗೆ ನಾಳೆಯೋ ನಾಡಿದ್ದೋ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ ‘ಮಾನದಂಡದ ಪುನರ್‌ಪರಿಶೀಲನೆ’ ಎಂಬ ಮಾತು ಇರುತ್ತದೆ. ಒಬ್ಬ ಮನುಷ್ಯನ ಎಡ ಮೊಣಕಾಲಿನ ಪ್ರಸ್ತಾಪ ಇರುವುದಿಲ್ಲ. ಆದ್ದರಿಂದ ಆ ಮನುಷ್ಯನ ವಿಷಯವನ್ನು ಇಲ್ಲಿ ಮೊದಲಿನಿಂದ ಬರೆದಿಡುತ್ತಿದ್ದೇನೆ.

ಅವರು ನಮ್ಮ ಉಗ್ರಾಣದ ಮೇಲ್ವಿಚಾರಕರು. ಹಾಜರಿ ಪಟ್ಟಿಯಲ್ಲಿ ಅವರಿಗೊಂದು ಹೆಸರಿದೆ, ಆದರೆ ಅದನ್ನು ಹಿಡಿದು ಕರೆಯುವವರಿಲ್ಲ. ನಿರ್ದೇಶಕರಿಂದ ಹಿಡಿದು ಗಾಜು ತೊಳೆಯುವವರ ತನಕ ಎಲ್ಲರಿಗೂ ಅವರು ನಾರ್ಮಲ್. ‘ನಾರ್ಮಲ್, ಎರಡು ಡಬ್ಬ ಕೈಗವಸು ಕೊಡಿ’, ‘ನಾರ್ಮಲ್ ಇವತ್ತು ರಜೆ, ಬೀಗದಕೈ ಯಾರ ಹತ್ರ ಇದೆ?’ ಎಂಬ ಮಾತುಗಳಿಗೆ ಹೊಸದಾಗಿ ಸೇರಿದವರು ಒಂದು ವಾರ ನಗುತ್ತಾರೆ, ಆಮೇಲೆ ಅವರೂ ಹಾಗೆಯೇ ಕರೆಯುತ್ತಾರೆ. ನಾರ್ಮಲ್ ಅವರಿಗೆ ಇದರಲ್ಲಿ ಬೇಸರವಿರಲಿಲ್ಲ. ಬೇಸರದ ಮಾತು ಹಾಗಿರಲಿ, ಈ ಹೆಸರನ್ನು ಅವರು ಪದಕದಂತೆ ಎದೆಯ ಮೇಲೆ ಧರಿಸಿಕೊಂಡೇ ಓಡಾಡುತ್ತಿದ್ದರು.

ಹೆಸರು ಬಂದ ಬಗೆಯನ್ನು ಹೇಳಬೇಕಾದರೆ ನಮ್ಮ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಉಣ್ಣಿ ಕಚ್ಚುವುದರಿಂದ ಹರಡುವ ಒಂದು ಬ್ಯಾಕ್ಟೀರಿಯಾ ಸೋಂಕಿಗೆ ನಮ್ಮ ಸಂಸ್ಥೆ ರಕ್ತಪರೀಕ್ಷೆಯ ಕಿಟ್ ತಯಾರಿಸುತ್ತದೆ. ಈ ಸೋಂಕು ಮೊದಲು ಸಾಧಾರಣ ಜ್ವರದಂತೆ ಬಂದು ಹೋಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದು ಕೀಲುಗಳಲ್ಲಿ, ಅದರಲ್ಲೂ ಮೊಣಕಾಲಿನಲ್ಲಿ, ಬಿಡಾರ ಹೂಡುತ್ತದೆ. ಗೊತ್ತಾದರೆ ಕೆಲವು ವಾರಗಳ ಕ್ಯಾಪ್ಸೂಲುಗಳಿಗೆ ಬಗ್ಗುತ್ತದೆ. ಗೊತ್ತಾಗಬೇಕು, ಅಷ್ಟೆ. ಗೊತ್ತುಮಾಡಿಕೊಡುವುದೇ ನಮ್ಮ ಉದ್ಯೋಗವೆಂದು ಮುಂಬಾಗಿಲಿನ ಫಲಕ ಹೇಳುತ್ತದೆ.

ಹಳೆಯ ಕಿಟ್‌ನ ವಿಧಾನ ಸರಳ. ಬ್ಯಾಕ್ಟೀರಿಯಾವನ್ನು ಬಾಟಲಿಗಳಲ್ಲಿ ಬೆಳೆಸಿ, ಒಡೆದು ನುಣ್ಣಗೆ ಮಾಡಿ, ಆ ಬಗ್ಗಡವನ್ನು ಪ್ಲಾಸ್ಟಿಕ್ ಪ್ಲೇಟಿನ ಪುಟ್ಟ ಗುಳಿಗಳ ತಳಕ್ಕೆ ಅಂಟಿಸುತ್ತಾರೆ. ಅದರ ಮೇಲೆ ರೋಗಿಯ ರಕ್ತದಿಂದ ತೆಗೆದ ತಿಳಿನೀರನ್ನು, ಅಂದರೆ ಸೀರಂ ಅನ್ನು, ಹಾಕಿದಾಗ ಆ ಸೋಂಕಿನ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿಕಾಯಗಳು ಅಲ್ಲಿ ಕಚ್ಚಿಕೊಳ್ಳುತ್ತವೆ. ಕೊನೆಯಲ್ಲಿ ಗುಳಿ ಹಳದಿಯಾಗುತ್ತದೆ. ತೊಡಕೆಂದರೆ, ಇಡೀ ಬ್ಯಾಕ್ಟೀರಿಯಾವನ್ನು ಅರೆದು ಬಳಿಯುವುದು ಒಬ್ಬ ಕಳ್ಳನನ್ನು ಗುರುತಿಸಲು ಇಡೀ ಬೀದಿಯವರನ್ನು ಠಾಣೆಗೆ ಕರೆತಂದಂತೆ. ಅದರಲ್ಲಿ ಬೇರೆ ಎಷ್ಟೋ ನಿರುಪದ್ರವಿ ಬ್ಯಾಕ್ಟೀರಿಯಾಗಳಲ್ಲೂ ಇರುವ ಭಾಗಗಳಿರುತ್ತವೆ. ಎಲ್ಲರ ರಕ್ತಕ್ಕೂ ಅವುಗಳಲ್ಲಿ ಯಾವುದೋ ಒಂದರ ಪರಿಚಯವಿರುತ್ತದೆ. ಹಾಗಾಗಿ ಆರೋಗ್ಯವಂತರ ಗುಳಿಯೂ ತುಸು ಹಳದಿಯಾಗುತ್ತದೆ. ಎಷ್ಟು ಹಳದಿ ಸಹಜ ಎಂದು ತಿಳಿಯಲು ಒಬ್ಬ ಆರೋಗ್ಯವಂತನ ರಕ್ತವನ್ನು ಪ್ರತಿ ಕಿಟ್‌ನಲ್ಲೂ ಇಡಬೇಕು. ರೋಗಿಯ ಬಣ್ಣ ಆ ಆರೋಗ್ಯವಂತನ ಬಣ್ಣಕ್ಕಿಂತ ಎರಡರಷ್ಟು ಗಾಢವಾಗಿದ್ದರೆ ಸೋಂಕು ಉಂಟು, ಇಲ್ಲದಿದ್ದರೆ ಇಲ್ಲ.

ಆ ಆರೋಗ್ಯವಂತ ನಮ್ಮ ಉಗ್ರಾಣದವರು.

ನಾನು ಸೇರುವ ಎಷ್ಟೋ ವರ್ಷ ಮುಂಚೆ ಕಿಟ್ ಸಿದ್ಧವಾದಾಗ ಆರೋಗ್ಯವಂತನೊಬ್ಬ ಬೇಕಾದನಂತೆ. ವಿಜ್ಞಾನಿಗಳೆಲ್ಲ ತಮ್ಮ ತಮ್ಮ ಸಕ್ಕರೆ, ರಕ್ತದೊತ್ತಡ, ಹಿಂದೊಮ್ಮೆ ಬಂದಿದ್ದ ಕಾಮಾಲೆಗಳನ್ನು ನೆನಪಿಸಿಕೊಂಡರು. ಆಗ ಹೊಸದಾಗಿ ಸೇರಿದ್ದ ಉಗ್ರಾಣದವರು ಆಮ್ಲದ ದೊಡ್ಡ ಜಾಡಿಯೊಂದನ್ನು ಹೆಗಲ ಮೇಲಿಟ್ಟುಕೊಂಡು ಆ ದಾರಿಯಲ್ಲೇ ಹೋಗುತ್ತಿದ್ದರು. ದಪ್ಪ ತೋಳು, ತೋಳಿನ ಮೇಲೆ ಹಗ್ಗದಂತೆ ಎದ್ದು ಕಾಣುವ ನರ. ಆಯ್ಕೆಗೆ ಅಷ್ಟು ಸಾಕಾಯಿತು. ರಕ್ತ ತೆಗೆದರು, ಪರೀಕ್ಷಿಸಿದರು, ಬಣ್ಣ ತೀರ ಕಡಿಮೆ ಇತ್ತು. ಅಂದಿನ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ ಆಗಿತ್ತು.

ಅಲ್ಲಿಂದ ಮುಂದಿನದು ನಮ್ಮ ಸಂಸ್ಥೆಗೇ ಮೀಸಲಾದ ಬುದ್ಧಿವಂತಿಕೆ. ಒಬ್ಬ ಮನುಷ್ಯನ ಸೀರಂ ಎಷ್ಟು ದಿನ ಬಂದೀತು? ವರ್ಷ ವರ್ಷ ಹೊಸ ರಕ್ತ ಬೇಕು. ಆಗ ‘ಏಕರೂಪತೆ’ ಎಂಬ ತತ್ವ ಹುಟ್ಟಿತು: ಪ್ರತಿ ವರ್ಷವೂ ಅದೇ ವ್ಯಕ್ತಿಯಿಂದಲೇ ರಕ್ತ ತೆಗೆಯತಕ್ಕದ್ದು. ವ್ಯಕ್ತಿ ಅದೇ ಆದ್ದರಿಂದ ರಕ್ತವೂ ಅದೇ; ಆದ್ದರಿಂದ ಅದನ್ನು ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ. ಈ ವಾಕ್ಯದ ನಡುವಿನ ಹಳ್ಳವನ್ನು ಇಷ್ಟು ಮಂದಿ ಡಾಕ್ಟರೇಟುಗಳು ವರ್ಷಗಟ್ಟಲೆ ಹೇಗೆ ದಾಟಿಕೊಂಡು ಬಂದರೋ ದೇವರೇ ಬಲ್ಲ. ಬಹುಶಃ ಕೆಳಗೆ ನೋಡದೆ ನಡೆದರು.

ನಾರ್ಮಲ್ ಅವರ ಮಟ್ಟಿಗೆ ಆ ವಾರ್ಷಿಕ ರಕ್ತದಾನ ಒಂದು ಸಮಾರಂಭ. ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ನಿರ್ದೇಶಕರ ಕೋಣೆಯ ಒರಗು ಕುರ್ಚಿಯನ್ನು ಅವರಿಗಾಗಿ ಹೊರಗೆ ತರುತ್ತಿದ್ದರು. ರಕ್ತ ಕೊಟ್ಟ ಮೇಲೆ ಒಂದು ಲೋಟ ಹಾಲು, ಒಂದು ಪೊಟ್ಟಣ ಬಿಸ್ಕತ್ತು. ಉಳಿದ ದಿನಗಳಲ್ಲಿ ಅದರ ಫಲವನ್ನು ನಾವೆಲ್ಲ ಅನುಭವಿಸಬೇಕಿತ್ತು. ಯಾರಾದರೂ ಸೀನಿದರೆ, “ದೇಶದಲ್ಲಿ ಎಷ್ಟು ಜನರನ್ನ ನನ್ನ ರಕ್ತದಿಂದ ಅಳೀತಾರೆ ಗೊತ್ತಾ? ನಿಮ್ಮ ಹಾಗೆ ಸೀನ್ತಾ ಕೂತಿದ್ರೆ ಆಗ್ತಿತ್ತಾ?” ಎನ್ನುತ್ತಿದ್ದರು. ಯಾವುದೋ ಮದುವೆಗೆ ಬಂದಿದ್ದ ಷಡ್ಡಕನೊಬ್ಬ ತನ್ನ ಸಂಬಳದ ಬಗ್ಗೆ ಕೊಚ್ಚಿಕೊಂಡಾಗ, ಸಂಬಳ ಯಾರಿಗೆ ಬೇಕಾದರೂ ಬರುತ್ತದೆ, ಮಾನದಂಡವಾಗುವುದು ಎಲ್ಲರಿಗೂ ಬರುವುದಿಲ್ಲ ಎಂದು ಹೇಳಿ ಪಂಕ್ತಿಯಿಂದ ಎದ್ದರಂತೆ. ಇದನ್ನು ಅವರೇ ಹೇಳಿದರು, ಮೂರು ಸಲ.

ಇನ್ನೊಂದು ಸಂಗತಿ. ಸಂಸ್ಥೆಗೆ ಸಂಶೋಧನೆಗಾಗಿ ಉಣ್ಣಿಗಳೂ ಬೇಕಿದ್ದವು. ಉಣ್ಣಿ ಹಿಡಿಯಲು ಬಿಳಿಯ ದಪ್ಪ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ, ಎತ್ತರದ ಹುಲ್ಲಿನ ಮೇಲೆ ಎಳೆದುಕೊಂಡು ನಡೆಯಬೇಕು. ಉಣ್ಣಿಗಳು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಬಟ್ಟೆ ಎಳೆಯುವವನ ಕಾಲಿಗೂ ಹತ್ತಿಕೊಳ್ಳುತ್ತವೆ. ಈ ಕೆಲಸಕ್ಕೆ ಗಟ್ಟಿಮುಟ್ಟಾದ, ಎಂದೂ ಕಾಯಿಲೆ ಬೀಳದ ಮನುಷ್ಯ ಬೇಕೆಂದಾಗ ಎಲ್ಲರ ಕಣ್ಣೂ ಸಹಜವಾಗಿಯೇ ಒಬ್ಬರ ಮೇಲೆ ಬಿತ್ತು. ಹೀಗೆ, ಉಣ್ಣಿಯ ಸೋಂಕು ಇಲ್ಲದವರ ಮಾದರಿಯಾಗಿ ನಾವು ಇಟ್ಟುಕೊಂಡಿದ್ದ ಏಕೈಕ ಮನುಷ್ಯನನ್ನು ಬೇಸಿಗೆ ಬೇಸಿಗೆಯೂ ಉಣ್ಣಿಯ ಹುಲ್ಲಿಗೆ ಅಟ್ಟಿದೆವು. ರಕ್ತ ತೆಗೆಯುವವರದು ಒಂದು ವಿಭಾಗ, ಉಣ್ಣಿ ಹಿಡಿಸುವವರದು ಇನ್ನೊಂದು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಯೋಚಿಸುವ ಹುದ್ದೆ ಮಂಜೂರಾಗಿರಲಿಲ್ಲ.

ಕಳೆದ ಮಳೆಗಾಲದ ಹೊತ್ತಿಗೆ ಅವರ ಎಡ ಮೊಣಕಾಲು ಊದಿಕೊಂಡಿತು. ಊದುವುದು, ಇಳಿಯುವುದು, ಮತ್ತೆ ಊದುವುದು. ಉಗ್ರಾಣದ ಏಣಿ ಹತ್ತುವುದು ನಿಂತಿತು. ಮೇಲಿನ ಕಪಾಟಿನ ಸಾಮಾನು ಕೇಳಿದವರಿಗೆ “ಸ್ಟಾಕ್ ಇಲ್ಲ” ಎನ್ನತೊಡಗಿದರು. ಕತ್ತೆತ್ತಿದರೆ ಕಾಣುವಂತೆ ಸ್ಟಾಕ್ ಅಲ್ಲೇ ಇರುತ್ತಿತ್ತು. ಕೊನೆಗೆ ಹೆಂಡತಿಯ ಕಾಟ ತಡೆಯಲಾರದೆ ಮೂಳೆ ಡಾಕ್ಟರ ಬಳಿ ಹೋದರು. ಮೂಳೆ ಡಾಕ್ಟರು ವಿವೇಕಿ. ಮೊದಲು ಉಣ್ಣಿಯ ಸೋಂಕಿಲ್ಲವೆಂದು ಖಚಿತವಾಗಲಿ, ಸೋಂಕಿರುವ ಕೀಲಿಗೆ ಚಾಕು ಹಾಕಿ ಲೋಹ ಕೂರಿಸಿದರೆ ಕಾಲೇ ಹೋದೀತು ಎಂದರು.

ಪರೀಕ್ಷೆ ನಮ್ಮ ಕಿಟ್‌ನಲ್ಲೇ ಆಯಿತು. ನಾರ್ಮಲ್ ಅವರ ರಕ್ತದ ಬಣ್ಣವನ್ನು ಕಿಟ್‌ನೊಳಗಿದ್ದ ನಾರ್ಮಲ್ ಅವರ ರಕ್ತದ ಬಣ್ಣದೊಂದಿಗೆ ಹೋಲಿಸಿ ನೋಡಿದರು. ತಮಗಿಂತ ತಾವೇ ಎರಡರಷ್ಟಾಗುವುದು ಅವರಿಂದಲೂ ಆಗಲಿಲ್ಲ. ಸೋಂಕಿಲ್ಲ ಎಂದು ವರದಿ ಬಂತು. ಎರಡನೆಯ ಸಲ ಮಾಡಿಸಿದರೂ ಅದೇ ವರದಿ, ಸಂಸ್ಥೆಯ ಮೊಹರಿನೊಂದಿಗೆ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಅವರೇ ಕುಳಿತಿದ್ದರು, ಮುಳ್ಳು ಅಲುಗಲಿಲ್ಲ. ಮೂಳೆ ಡಾಕ್ಟರು ಇದು ಸವೆತವೆಂದು ತೀರ್ಮಾನಿಸಿ, ಮೊಣಕಾಲನ್ನು ಕತ್ತರಿಸಿ ಲೋಹದ ಕೀಲು ಕೂರಿಸಲು ಈ ತಿಂಗಳ ಕೊನೆಯ ವಾರವನ್ನು ಗೊತ್ತುಮಾಡಿದರು.

ಇದೆಲ್ಲ ನನಗೆ ಆಗ ತಿಳಿದಿರಲಿಲ್ಲ. ನಾನು ಕೆಳಗಿನ ಅಂತಸ್ತಿನ ಕೋಣೆಯಲ್ಲಿ ಪೆಪ್ಟೈಡ್ ಕಟ್ಟುತ್ತಿದ್ದೆ. ಪೆಪ್ಟೈಡ್ ಎಂದರೆ ಪ್ರೋಟೀನಿನ ಒಂದು ತುಂಡು. ಇಡೀ ಬ್ಯಾಕ್ಟೀರಿಯಾವನ್ನು ಅರೆಯುವ ಬದಲು, ಅದೊಂದರಲ್ಲಿ ಮಾತ್ರ ಇರುವ, ಬೇರೆ ಯಾವುದರಲ್ಲೂ ಇಲ್ಲದ ಪುಟ್ಟ ಭಾಗವನ್ನು ಹುಡುಕಿ, ಅದನ್ನಷ್ಟೇ ಕೃತಕವಾಗಿ ತಯಾರಿಸಿದರೆ ಪರೀಕ್ಷೆ ಶುದ್ಧವಾಗುತ್ತದೆ. ಕಳ್ಳನ ಕೆನ್ನೆಯ ಮಚ್ಚೆಯೊಂದನ್ನೇ ತೋರಿಸಿ ‘ಇದನ್ನು ನೋಡಿದ್ದೀರಾ’ ಎಂದು ರಕ್ತವನ್ನು ಕೇಳಿದಂತೆ. ಮರಳಿನಂಥ ಕಾಳುಗಳ ಮೇಲೆ ಒಂದೊಂದೇ ಅಮೈನೋ ಆಮ್ಲವನ್ನು ಮಣಿ ಪೋಣಿಸಿದಂತೆ ಜೋಡಿಸುತ್ತ ಹೋಗಬೇಕು. ಪ್ರತಿ ಮಣಿಯ ನಂತರವೂ ತೊಳೆಯಬೇಕು. ಕೊನೆಯಲ್ಲಿ ಸರವನ್ನು ಕಾಳಿನಿಂದ ಬಿಡಿಸಿ, ಶುದ್ಧಿಮಾಡಿ, ಹೆಪ್ಪುಗಟ್ಟಿಸಿ ಒಣಗಿಸಿದಾಗ ಹಿಂಜಿದ ಹತ್ತಿಯಂಥ ಬಿಳಿಯ ಪುಡಿ ಸಿಗುತ್ತದೆ. ನಡುವೆ ಒಂದು ಮಣಿ ತಪ್ಪಿದರೂ ಇಡೀ ಸರ ವ್ಯರ್ಥ.

ಡಿಸೆಂಬರಿನಲ್ಲಿ ನನ್ನ ಪೆಪ್ಟೈಡನ್ನು ಪ್ಲೇಟಿಗೆ ಅಂಟಿಸಿ ಮೊದಲ ಸಲ ಪರೀಕ್ಷಿಸಿದರು. ಸೋಂಕಿದ್ದ ರೋಗಿಗಳ ಗುಳಿಗಳೆಲ್ಲ ಚೆನ್ನಾಗಿ ಹಳದಿಯಾದವು. ನಾರ್ಮಲ್ ಅವರ ಗುಳಿಯೂ ಹಳದಿಯಾಯಿತು.

ನಮ್ಮ ನಿರ್ದೇಶಕರನ್ನು ಹಿಂದಿನಿಂದ ಎಲ್ಲರೂ ‘ಸರಾಸರಿ’ ಎನ್ನುತ್ತಾರೆ. ಎರಡು ಅಂಕಿಗಳು ಜಗಳವಾಡಿದರೆ ಸರಾಸರಿ ತೆಗೆದು ರಾಜಿ ಮಾಡಿಸುವುದು ಅವರ ಆಡಳಿತದ ರೀತಿ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ ನನ್ನನ್ನು ಕರೆಸಿದರು.

“ನಿಮ್ಮ ಪೆಪ್ಟೈಡ್ ಸರಿ ಇಲ್ಲ ಮೇಡಂ. ನಾರ್ಮಲ್‌ಗೇ ಬಣ್ಣ ಬಂದಿದೆ.”

“ಸರ್, ನಾರ್ಮಲ್ ಅವರಿಗೇ ಸೋಂಕು ತಗುಲಿರಬಹುದಲ್ಲ?”

ಅವರು ನನ್ನನ್ನು ಕರುಣೆಯಿಂದ ನೋಡಿದರು. “ಅದು ಹೇಗಾಗುತ್ತೆ ಮೇಡಂ? ಅವರು ನಮ್ಮ ಕಂಟ್ರೋಲು, ಅಳತೆಗೋಲು. ಅವರಿಗೆ ಸೋಂಕಿಲ್ಲ ಅನ್ನೋದರ ಮೇಲೇ ತಾನೇ ಪರೀಕ್ಷೆ ನಿಂತಿರೋದು?”

“ಅದೇ ನನ್ನ ಚಿಂತೆ, ಸರ್.”

“ಚಿಂತೆ ಬೇಡ. ಇನ್ನೊಂದ್ಸಲ ಮಾಡಿ.”

ಇನ್ನೊಂದು ಸಲ ಮಾಡಿದೆ. ಸರದ ಪ್ರತಿ ಮಣಿಯನ್ನೂ ಯಂತ್ರದಲ್ಲಿ ತೂಗಿ ನೋಡಿದೆ, ಎಲ್ಲವೂ ಸ್ವಸ್ಥಾನದಲ್ಲಿದ್ದವು. ನಾರ್ಮಲ್ ಅವರ ಗುಳಿ ಮತ್ತೆ ಹಳದಿ. ಮೂರನೆಯ ಸಲವೂ ಹಾಗೆಯೇ. ಸಂಸ್ಥೆಯ ಸಭೆಯಲ್ಲಿ ನನ್ನ ಪೆಪ್ಟೈಡಿಗೆ, ಕಂಡವರ ರಕ್ತಕ್ಕೆಲ್ಲ ಅಂಟಿಕೊಳ್ಳುತ್ತದೆಂದು, ‘ಅಂಟುಬುರುಕ’ ಎಂಬ ಬಿರುದು ಬಂತು. ಕಿಟ್ ಮಾರಾಟದವರು, ಹಳೆಯದೇ ಚೆನ್ನಾಗಿ ಹೋಗುತ್ತಿರುವಾಗ ಹೊಸದರ ಗೊಡವೆ ಯಾಕೆ ಎಂದು ಕಾಫಿ ಕುಡಿದರು.

ಆಗ ನಾನು ಮಾಡಿದ್ದು ಯಾವ ಪ್ರತಿಭೆಯನ್ನೂ ಬೇಡದ ಕೆಲಸ. ಕಚೇರಿಯ ಗುಮಾಸ್ತರು, ಲೆಕ್ಕಿಗರು, ಕಾವಲಿನವರು, ಗಾಜು ತೊಳೆಯುವವರು, ಹುಲ್ಲಿನ ಕಡೆ ತಲೆಹಾಕಿಯೂ ಮಲಗದ ಹತ್ತಾರು ಮಂದಿಯನ್ನು ಕೇಳಿಕೊಂಡು ಒಂದಿಷ್ಟು ರಕ್ತ ಪಡೆದೆ, ನನ್ನದನ್ನೂ ಸೇರಿಸಿದೆ. ನಿರ್ದೇಶಕರನ್ನೂ ಕೇಳಿದೆ. ಅವರಿಗೆ ಅಂದು ಸಭೆ ಇತ್ತು. ಸೂಜಿಯ ಸುದ್ದಿ ಬಂದ ದಿನಗಳಲ್ಲೆಲ್ಲ ಅವರಿಗೆ ಸಭೆ ಇರುತ್ತದೆ. ಪೆಪ್ಟೈಡಿನ ಪ್ಲೇಟಿನಲ್ಲಿ ನಮ್ಮೆಲ್ಲರ ಗುಳಿಗಳೂ ನೀರಿನಂತೆ ತಿಳಿಯಾಗಿ ಉಳಿದವು. ಸಾಲಿನ ತುದಿಯಲ್ಲಿ ನಾರ್ಮಲ್ ಅವರ ಗುಳಿಯೊಂದೇ ನಿಂಬೆಹಣ್ಣಿನ ಬಣ್ಣದಲ್ಲಿತ್ತು. ಹಳೆಯ ಪ್ಲೇಟಿನಲ್ಲಿ ಎಲ್ಲರೂ ತುಸು ಹಳದಿಯಾಗುತ್ತಿದ್ದುದರಿಂದ ಅವರ ಹಳದಿ ಗುಂಪಿನಲ್ಲಿ ಬಚ್ಚಿಟ್ಟುಕೊಂಡಿತ್ತು. ಗುಂಪು ಚದುರಿದ ಮೇಲೆ ಅವರೊಬ್ಬರೇ ನಿಂತಿದ್ದರು.

ಪ್ಲೇಟನ್ನು ನಿರ್ದೇಶಕರ ಮೇಜಿನ ಮೇಲಿಟ್ಟೆ. ಅವರು ಅದನ್ನು ಅತ್ತಿತ್ತ ತಿರುಗಿಸಿ ನೋಡಿದರು.

“ಉಳಿದವರೆಲ್ಲ ಯಾಕೆ ಹೀಗೆ ಬಿಳಿಚಿಕೊಂಡಿದಾರೆ?” ಎಂದರು.

“ಅವರಿಗೆ ಸೋಂಕಿಲ್ಲ ಸರ್.”

“ಅಥವಾ ನಿಮ್ಮ ಪೆಪ್ಟೈಡ್‌ಗೆ ಅವರು ಹಿಡಿಸಲಿಲ್ಲವೋ ಏನೋ. ಒಂದು ಕೆಲಸ ಮಾಡಿ, ನಾರ್ಮಲ್‌ನೂ ಸೇರಿಸಿ ಎಲ್ಲರ ಸರಾಸರಿ ತೆಗೆದುಬಿಡಿ. ಎಲ್ಲಾ ಸರಿಹೋಗುತ್ತೆ.”

ಸರಾಸರಿ ತೆಗೆಯಲಿಲ್ಲ. ಉಗ್ರಾಣಕ್ಕೆ ಹೋದೆ.

ಅಲ್ಲಿ ಅವರ ಹೆಂಡತಿ ಇದ್ದರು. ಆಕೆ ಕನ್ನಡಕದ ಅಂಗಡಿಯೊಂದರಲ್ಲಿ ಮಸೂರ ಉಜ್ಜುವ ಕೆಲಸ ಮಾಡುತ್ತಾರೆ. ಗಂಡನಿಗೆ ಮೆಟ್ಟಿಲಿಳಿದು ಹೊರಗೆ ಹೋಗಲಾಗದೆಂದು ಮಧ್ಯಾಹ್ನದ ಬಿಡುವಿನಲ್ಲಿ ಊಟದ ಡಬ್ಬಿ ತಂದಿದ್ದರು. ನಾರ್ಮಲ್ ಅವರು ಎಡಗಾಲನ್ನು ರಟ್ಟಿನ ಪೆಟ್ಟಿಗೆಯ ಮೇಲೆ ಚಾಚಿ ಕುಳಿತಿದ್ದರು. ಮೊಣಕಾಲು ಸಣ್ಣ ಕುಂಬಳಕಾಯಿಯಂತಿತ್ತು.

“ನೀವೇ ಹೇಳಿ ಮೇಡಂ,” ಎಂದರು ಆಕೆ, “ಈ ತಿಂಗಳ ಕೊನೆಗೆ ಇವರ ಕಾಲು ಕೊಯ್ತಾರಂತೆ. ಇವರಿಗೆ ಅದರ ಚಿಂತೆ ಇಲ್ಲ. ಮುಂದಿನ ತಿಂಗಳು ರಕ್ತ ಕೊಡೋ ದಿನಕ್ಕೆ ಆಸ್ಪತ್ರೇಲಿದ್ರೆ ಹೇಗೆ ಅಂತ ಚಿಂತೆ.”

“ನೀನು ಸುಮ್ನಿರೇ. ಆಫೀಸಿನ ವಿಷಯ ಇದು.”

“ಓಹೋ, ಕಾಲೂ ಆಫೀಸಿಂದಾ?”

ಅವರು ಉಣ್ಣಿ ಹಿಡಿಯುವ ಕೆಲಸದಲ್ಲಿ ಎಂದಾದರೂ ಕಚ್ಚಿಸಿಕೊಂಡದ್ದುಂಟೇ ಎಂದು ಕೇಳಿದೆ.

“ಛೆ, ನಂಗೆಲ್ಲ ಕಚ್ಚಲ್ಲ ಮೇಡಂ,” ಎಂದರು ನಾರ್ಮಲ್.

“ಕಚ್ಚಲ್ವಾ?” ಹೆಂಡತಿ ಡಬ್ಬಿಯ ಮುಚ್ಚಳವನ್ನು ಕೆಳಗಿಟ್ಟರು. “ಹಾಗಾದ್ರೆ ಬೇಸಿಗೆ ಪೂರ್ತಿ ನಿಮ್ಮ ತೊಡೆ ಹಿಂದಿನಿಂದ ಚಿಮುಟದಲ್ಲಿ ನಾನು ಕೀಳ್ತಿದ್ದಿದ್ದು ಏನ್ರೀ, ಎಳ್ಳಾ? ಎರಡು ವರ್ಷದ ಹಿಂದೆ ಕೆಂಪಗೆ ತಟ್ಟೆಯಷ್ಟಗಲ ಗುರುತಾಗಿ ಜ್ವರ ಬಂದಾಗ ಯಾರು ಮಲಗಿದ್ರು, ನಿಮ್ಮ ನಿರ್ದೇಶಕರಾ?”

ನಾನು ಪ್ಲೇಟಿನಲ್ಲಿ ಕಂಡದ್ದನ್ನು ಹೇಳಿದೆ. ಇದುವರೆಗಿನ ಪರೀಕ್ಷೆಗಳಲ್ಲಿ ಅವರನ್ನು ಅವರಿಂದಲೇ ಅಳೆದಿದ್ದಾರೆ, ಹೊಸ ಪರೀಕ್ಷೆಯಲ್ಲಿ ಪ್ರತಿಕಾಯ ಸ್ಪಷ್ಟವಾಗಿ ಕಾಣುತ್ತಿದೆ, ಮೊಣಕಾಲಿನ ಊತ ಸವೆತದ್ದಲ್ಲದಿರಬಹುದು, ಕಾಲು ಕೊಯ್ಯಿಸುವ ಮುನ್ನ ಜ್ವರದ ಡಾಕ್ಟರೊಬ್ಬರನ್ನು ಕಾಣಲೇಬೇಕು ಎಂದೆ. ಪೂರ್ತಿ ಕೇಳಿಸಿಕೊಂಡ ಮೇಲೆ ಅವರ ಮುಖ ಕೆಂಪಾಯಿತು. ಕಾಲು ಉಳಿಯಬಹುದೆಂಬ ಸಂತೋಷಕ್ಕಲ್ಲ.

“ಅಂದ್ರೆ ನಾನು ನಾರ್ಮಲ್ ಅಲ್ಲ ಅಂತೀರಾ?”

“ಈ ಸೋಂಕಿನ ಮಟ್ಟಿಗೆ ಅಲ್ಲ.”

“ಎಷ್ಟು ವರ್ಷದಿಂದ ಕೊಡ್ತಿದೀನಿ ಮೇಡಂ. ಯಾರೂ ಹೀಗೆ ಮಾತಾಡಿರಲಿಲ್ಲ.” ಅವರು ಗೋಡೆಯ ಕಡೆ ತಿರುಗಿ ಕುಳಿತರು. “ನಿಮ್ಮ ಪೆಪ್ಟೈಡು ಅಂಟುಬುರುಕ ಅಂತ ಮೇಲಿನವರೇ ಹೇಳಿದಾರೆ.”

ಹೆಂಡತಿ ನಾನು ಬರೆದುಕೊಟ್ಟ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು, ಆ ವಾರದಲ್ಲೇ ಗಂಡನನ್ನು ಎಳೆದುಕೊಂಡು ಹೋದರು. ಜ್ವರದ ಡಾಕ್ಟರು ಕಾಲನ್ನು ಒತ್ತಿ ನೋಡಿ, ಕೆಂಪು ಗುರುತಿನ ಕಥೆಯನ್ನು ಕೇಳಿ, ಕೀಲಿನ ನೀರನ್ನು ಸೂಜಿಯಲ್ಲಿ ತೆಗೆದು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ಆ ನೀರಿನಲ್ಲಿ ಬ್ಯಾಕ್ಟೀರಿಯಾದ ಗುರುತು ಸಿಕ್ಕಿತು. ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಮೂಳೆ ಡಾಕ್ಟರೂ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ: ಕ್ಯಾಪ್ಸೂಲು ತಕ್ಷಣ ಶುರುವಾಗಬೇಕು, ಇನ್ನು ತಡವಾದರೆ ಕೀಲಿನ ಮೃದ್ವಸ್ಥಿ ಉಳಿಯುವುದಿಲ್ಲ, ಆಮೇಲೆ ಸೋಂಕು ಹೋದರೂ ಕಾಲು ಕೊಯ್ಯಲೇಬೇಕಾದೀತು. ಕಳೆದ ಶನಿವಾರ ದಿನಕ್ಕೆರಡರಂತೆ ನಾಲ್ಕು ವಾರಕ್ಕೆ ಕ್ಯಾಪ್ಸೂಲು ಬರೆದುಕೊಟ್ಟರು.

ಬೇರೆ ಪ್ರಯೋಗಾಲಯದ ಕಾಗದ ಬಂದ ಮೇಲೆ ನಮ್ಮ ನಿರ್ದೇಶಕರಿಗೂ ಜ್ಞಾನೋದಯವಾಯಿತು, ತಮ್ಮದೇ ರೀತಿಯಲ್ಲಿ. ಸೋಮವಾರ ಸಭೆ ಕರೆದರು. ಇಷ್ಟು ವರ್ಷ ನಮ್ಮ ಕಿಟ್ ಎಷ್ಟು ಮಂದಿಗೆ ‘ನಿಮಗೇನೂ ಇಲ್ಲ’ ಎಂದು ಹೇಳಿ ಮನೆಗೆ ಕಳಿಸಿರಬಹುದು ಎಂಬ ಪ್ರಶ್ನೆಯನ್ನು ನಾನು ಎತ್ತಿದೆ. ಶೀತಲಪೆಟ್ಟಿಗೆಯಲ್ಲಿರುವ ಹಳೆಯ ಮಾದರಿಗಳನ್ನು ಪೆಪ್ಟೈಡಿನಲ್ಲಿ ಮತ್ತೆ ಪರೀಕ್ಷಿಸಬೇಕೆಂದು ಬರವಣಿಗೆಯಲ್ಲೂ ಕೊಟ್ಟೆ. ಪರಿಶೀಲಿಸಲಾಗುವುದು ಎಂದರು. ಹೊಸ ಕಿಟ್‌ನ ಮೇಲೆ ‘ಸುಧಾರಿತ’ ಎಂದು ಅಚ್ಚುಹಾಕಿದರೆ ಹಳೆಯದರ ಬಗ್ಗೆ ಯಾರೂ ಕೇಳುವುದಿಲ್ಲವೆಂದು ಮಾರಾಟದವರು ಸಮಾಧಾನ ಹೇಳಿದರು. ಉಳಿದ ಸಭೆಯೆಲ್ಲ ಒಂದೇ ವಿಷಯಕ್ಕೆ ಮೀಸಲಾಯಿತು. ಹೊಸ ಕಿಟ್‌ಗೆ ಸೋಂಕು ಇರುವವನ ರಕ್ತವೂ ಒಂದು ಬೇಕಲ್ಲ, ಹೋಲಿಕೆಗೆ? ನಾರ್ಮಲ್ ಇದ್ದಾರಲ್ಲ.

ಅವರನ್ನು ಸಭೆಗೇ ಕರೆಸಿದರು. ಒರಗು ಕುರ್ಚಿ ಹೊರಬಂತು.

“ನೋಡಿ ನಾರ್ಮಲ್, ನಿಮ್ಮನ್ನ ಬಿಡೋ ಪ್ರಶ್ನೆಯೇ ಇಲ್ಲ,” ಎಂದರು ನಿರ್ದೇಶಕರು. “ಇನ್ಮೇಲೆ ನೀವೇ ನಮ್ಮ ಪಾಸಿಟಿವ್ ಕಂಟ್ರೋಲ್. ಒಂದೇ ಒಂದು ಮಾತು. ಈ ಕ್ಯಾಪ್ಸೂಲು ಇನ್ನೂ ಶುರು ಮಾಡಿಲ್ಲ ಅಂದ್ರಂತಲ್ಲ, ಒಂದು ತಿಂಗಳು ತಡೀರಿ. ವಾರ ವಾರ ರಕ್ತ ತಗೋತೀವಿ. ಮದ್ದು ಬಿದ್ರೆ ಬಣ್ಣ ಕಮ್ಮಿ ಆಗಿಬಿಡುತ್ತೆ.”

ಪ್ರತಿಕಾಯಗಳು ಮದ್ದು ಬಿದ್ದ ಮರುದಿನ ಗಂಟುಮೂಟೆ ಕಟ್ಟುವುದಿಲ್ಲ, ತಿಂಗಳುಗಟ್ಟಲೆ ರಕ್ತದಲ್ಲೇ ಇರುತ್ತವೆ, ಆದ್ದರಿಂದ ತಡೆಯುವ ಅಗತ್ಯವೇ ಇಲ್ಲ, ತಡೆದರೆ ಮೊಣಕಾಲು ಹೋಗುತ್ತದೆ ಎಂದೆ. ನಿರ್ದೇಶಕರು ತಲೆಯಾಡಿಸಿ, “ಹಾಗಾದ್ರೆ ಎರಡು ವಾರ ತಡೀಲಿ,” ಎಂದರು. ಸರಾಸರಿ.

ನನಗೆ ಬೇಸರವಾದದ್ದು ಅವರ ಮಾತಿಗಲ್ಲ. ಅವರಿಂದ ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ನಾರ್ಮಲ್ ಅವರ ಮುಖ ನೋಡಿ ಬೇಸರವಾಯಿತು. ಪದವಿ ಕಳೆದುಕೊಂಡು ಅಷ್ಟು ದಿನ ಬಾಡಿಹೋಗಿದ್ದ ಮನುಷ್ಯ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತರು. “ಪಾಸಿಟಿವ್ ಅಂದ್ರೆ ಎಲ್ಲಾ ಕಿಟ್‌ನಲ್ಲೂ ಇರುತ್ತಾ ಸಾರ್?” ಎಂದು ಕೇಳಿದರು. ಇರುತ್ತದೆ ಎಂದಾಗ ಒಪ್ಪಿಕೊಂಡರು. ಸಭೆ ಮುಗಿದ ಮೇಲೆ ನಾನು ಅವರ ಹಿಂದೆಯೇ ಹೋಗಿ, ಕಾಲಿನ ಗತಿ ಏನು ಎಂದು ಕೇಳಿದೆ.

“ಎರಡು ವಾರ ತಾನೇ ಮೇಡಂ. ಇಷ್ಟು ದಿನ ತಡೆದ ಕಾಲು.”

ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದೆ. ಆಕೆ, “ಆಫೀಸಲ್ಲೇ ತಗೋತಿದೀನಿ ಅಂದಿದ್ರು,” ಎಂದಷ್ಟೇ ಅಂದು ಫೋನ್ ಇಟ್ಟರು.

ಇಂದು ಮಧ್ಯಾಹ್ನ ಮೊದಲ ವಾರದ ರಕ್ತ ತೆಗೆಯುವುದಿತ್ತು. ನಾರ್ಮಲ್ ಅವರು ಇಸ್ತ್ರಿಯ ಅಂಗಿ ಹಾಕಿಕೊಂಡು, ತೋಳು ಮಡಚಿ, ಒರಗು ಕುರ್ಚಿಯಲ್ಲಿ ಕುಳಿತಿದ್ದರು. ಕಾಲಿನ ಕೆಳಗೆ ಒಂದು ಸ್ಟೂಲು. ನಿರ್ದೇಶಕರು ಸೂಜಿ ಕಾಣದಷ್ಟು ದೂರದಲ್ಲಿ ನಿಂತಿದ್ದರು. ಆಗ ಆಕೆ ಒಳಗೆ ಬಂದರು. ಕಾವಲಿನವರು ತಡೆಯಲಿಲ್ಲ, ಅವರ ಕನ್ನಡಕ ಆಕೆಯ ಕೈಯದೇ.

“ರೀ, ಬಾಯಿ ತೆಗೀರಿ.”

“ಏನೇ ಇದು, ಇಲ್ಲಿಗ್ಯಾಕೆ ಬಂದೆ?”

“ಕ್ಯಾಪ್ಸೂಲಿನ ಹಾಳೆ ಶನಿವಾರದಿಂದ ನಿಮ್ಮ ಊಟದ ಚೀಲದಲ್ಲಿ ಹರಿಯದೆ ಬಿದ್ದಿತ್ತು. ಬಾಯಿ ತೆಗೀರಿ ಅಂದೆ.”

ನಿರ್ದೇಶಕರು ಎರಡು ಹೆಜ್ಜೆ ಮುಂದೆ ಬಂದರು. “ಅಮ್ಮಾ, ಎರಡು ವಾರದ ಮಾತು. ಇದು ವಿಜ್ಞಾನದ ವಿಷಯ. ನಿಮ್ಮ ಯಜಮಾನರು ಒಪ್ಪಿಕೊಂಡಿದಾರೆ.”

“ಅವರು ಎಲ್ಲದಕ್ಕೂ ಒಪ್ಕೋತಾರೆ ಸ್ವಾಮಿ. ಕುರ್ಚಿ ಹಾಕಿದ್ರೆ ಸಾಕು.” ಆಕೆ ಕ್ಯಾಪ್ಸೂಲನ್ನು ಹಾಳೆಯಿಂದ ಒತ್ತಿ ತೆಗೆದರು. “ನಿಮಗೆ ಕಾಯಿಲೆ ರಕ್ತ ಬೇಕಿದ್ರೆ ಹುಲ್ಲು ಅಲ್ಲೇ ಇದೆ. ನೀವೇ ಒಂದ್ಸಲ ಬಟ್ಟೆ ಎಳ್ಕೊಂಡು ಹೋಗಿ ಬನ್ನಿ.”

ಗಾಜು ತೊಳೆಯುವವರು ನಕ್ಕರು. ನಾರ್ಮಲ್ ಅವರು ನಿರ್ದೇಶಕರ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. “ಮರ್ಯಾದೆ ತೆಗೀಬೇಡವೇ,” ಎಂದು ತಗ್ಗಿದ ದನಿಯಲ್ಲಿ ಅಂದರು.

“ಮೊದಲು ಎರಡು ಕಾಲಲ್ಲಿ ನಿಂತ್ಕೊಳ್ಳಿ, ಆಮೇಲೆ ಮರ್ಯಾದೆ ಮಾತಾಡೋಣ. ನನಗೆ ನಿಮ್ಮನ್ನ ಎತ್ತೋ ಶಕ್ತಿ ಇಲ್ಲ ರೀ.”

ಈ ಕೊನೆಯ ಮಾತನ್ನು ಆಕೆ ಮೆಲ್ಲಗೆ ಹೇಳಿದರು. ನಾನು ನೀರು ತಂದುಕೊಟ್ಟೆ. ಅವರು ಬಾಯಿ ತೆರೆದರು, ನುಂಗಿದರು. ಈ ಮದ್ದಿಗೆ ನೀರು ಹೆಚ್ಚು ಬೇಕೆಂದು ಡಾಕ್ಟರು ಹೇಳಿದ್ದರಿಂದ ಆಕೆ ಎರಡನೆಯ ಲೋಟವನ್ನೂ ಕುಡಿಸಿ, ಬಾಯಿ ತೆರೆಸಿ, ನಾಲಿಗೆಯ ಕೆಳಗೆ ಇಣುಕಿ ನೋಡಿದರು. ರಕ್ತ ತೆಗೆಯುವವರು ಸೂಜಿ ಹಿಡಿದುಕೊಂಡು ಏನು ಮಾಡಬೇಕೆಂದು ಕೇಳಿದಾಗ ನಿರ್ದೇಶಕರು ತಮಗೆ ಸಭೆಯಿದೆ ಎಂದರು. ರಕ್ತವನ್ನು ನಾನೇ ತೆಗೆಸಿದೆ. ನಾರ್ಮಲ್ ಅವರು ಹೆಂಡತಿಯ ಕಡೆ ನೋಡಿ, ಆಕೆ ಅಡ್ಡಿಯಿಲ್ಲವೆಂದ ಮೇಲೆ ತೋಳು ಚಾಚಿದರು. ಸಂಜೆಯ ಪ್ಲೇಟಿನಲ್ಲಿ ಅವರ ಗುಳಿ ಎಂದಿನಷ್ಟೇ ಹಳದಿಯಾಯಿತು. ಇನ್ನೂ ಹಲವು ತಿಂಗಳು ಆಗುತ್ತಲೇ ಇರುತ್ತದೆ.

ಮುಂದಿನ ತಿಂಗಳಿನ ರಕ್ತಕ್ಕೆ ಬೇರೆ ನಾರ್ಮಲ್ ಬೇಕೆಂದು ಸೂಚನಾ ಫಲಕದಲ್ಲಿ ಕಾಗದ ಹಚ್ಚಿದ್ದಾರೆ: ಗಟ್ಟಿಮುಟ್ಟಾದ ಒಬ್ಬರು ಮುಂದೆ ಬರಬೇಕಂತೆ. ಒಬ್ಬರು ಸಾಲದು, ಹಲವರಿಂದ ತೆಗೆದು, ಪ್ರತಿ ಸಲವೂ ಪರೀಕ್ಷಿಸಿ ಬೆರೆಸಬೇಕೆಂದು ಅದರ ಕೆಳಗೇ ಬರೆದು ಸಹಿ ಹಾಕಿ ಬಂದಿದ್ದೇನೆ.

ಇಂದು ಖರ್ಚಾದದ್ದು: ಪೆಪ್ಟೈಡ್ ಅಂಟಿಸಿದ ಪ್ಲೇಟು ಅರ್ಧ, ನಾರ್ಮಲ್ ಅವರ ಸೀರಂ ಇಪ್ಪತ್ತು ಮೈಕ್ರೊಲೀಟರು, ಕ್ಯಾಪ್ಸೂಲು ಒಂದು, ಕುಡಿಯುವ ನೀರು ಎರಡು ಲೋಟ, ಗಂಡಹೆಂಡಿರನ್ನು ಮನೆಗೆ ಮುಟ್ಟಿಸಿದ ಬಾಡಿಗೆ ಕಾರಿಗೆ ನೂರ ಎಂಬತ್ತು, ನನ್ನ ಕೈಯಿಂದ, ಬರುವಾಗ ಬ್ರೆಡ್ಡಿಗೆ ನಲವತ್ತೈದು.